ತಾನೇ ಹಾಡುವ, ತಾನೇ ಬೆಳಗುವ ಕೋಣೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಈಚೆಗೆ ಒಂದು ಕಲಾಪ್ರದರ್ಶನದಲ್ಲಿ ಕತ್ತಲೆ ಕೋಣೆಯೊಳಗೆ ಹಳೆಯ ಟಿವಿಗಳು, ಸ್ಪೂಲ್ ಟೇಪ್ ರೆಕಾರ್ಡರುಗಳು ಮತ್ತು ಕಿತ್ತಳೆ ಬಣ್ಣದ ಪುಟ್ಟ ನಿಯಾನ್ ದೀಪಗಳನ್ನು ಜೋಡಿಸಿದ್ದರು. ನಡೆಸುವವರು ಯಾರೂ ಇರಲಿಲ್ಲ. ಆದರೂ ಒಂದು ಗಂಟೆ ಕುಳಿತಿದ್ದ ನನಗೆ ಸದ್ದಾಗಲಿ ಬೆಳಕಾಗಲಿ ಒಮ್ಮೆ ಬಂದಂತೆ ಇನ್ನೊಮ್ಮೆ ಬಂದದ್ದು ಕಾಣಲಿಲ್ಲ. ಫಲಕದಲ್ಲಿ ‘ತನ್ನಷ್ಟಕ್ಕೆ ತಾನೇ ಹುಟ್ಟುವ ಧ್ವನಿ ಮತ್ತು ಬೆಳಕು’ ಎಂದು ಬರೆದಿತ್ತು. ಮೊದಲೇ ಮುದ್ರಿಸಿಟ್ಟದ್ದನ್ನು ಒಳಗಿನಿಂದ ಹಾಕಿ ನಮ್ಮನ್ನು ನಂಬಿಸುತ್ತಿದ್ದಾರೆಯೇ?

ಉತ್ತರ: ಅನುಮಾನ ಪಡುವುದರಲ್ಲಿ ತಪ್ಪೇನಿಲ್ಲ. ಒಳಗೆ ಮೆಮೊರಿ ಕಾರ್ಡೊಂದನ್ನು ಬಚ್ಚಿಟ್ಟು ಹೊರಗೆ ಹಳೆಯ ಪೆಟ್ಟಿಗೆಗಳನ್ನು ಅಲಂಕಾರಕ್ಕೆ ಇಟ್ಟ ಕೃತಿಗಳೂ ಇವೆ. ಆದರೆ ನೀವು ವರ್ಣಿಸಿರುವ ಸಾಮಗ್ರಿಯನ್ನು ನೋಡಿದರೆ ಅಲ್ಲಿ ಮೋಸ ಮಾಡುವ ಅಗತ್ಯವೇ ಬೀಳುವುದಿಲ್ಲ ಎನಿಸುತ್ತದೆ.

ಸಭೆಯೊಂದರಲ್ಲಿ ಮೈಕು ಸ್ಪೀಕರಿನ ಕಡೆಗೆ ತಿರುಗಿದ ಕೂಡಲೇ ಕೇಳಿಬರುವ ಕರ್ಕಶ ಕೂಗನ್ನು ನೆನಪಿಸಿಕೊಳ್ಳಿ. ಆ ಕೂಗನ್ನು ಯಾರೂ ಮುದ್ರಿಸಿಟ್ಟಿರುವುದಿಲ್ಲ, ಯಾರೂ ನುಡಿಸಿರುವುದೂ ಇಲ್ಲ. ಮೈಕು ಹಿಡಿದ ಸಣ್ಣ ಸದ್ದು ಆಂಪ್ಲಿಫೈಯರಿನಲ್ಲಿ ಬಲಗೊಂಡು ಸ್ಪೀಕರಿನಿಂದ ಹೊರಬಿದ್ದು ಮತ್ತೆ ಮೈಕಿಗೇ ಬಂದು ಸೇರುತ್ತದೆ. ಹೀಗೆ ಸುತ್ತುತ್ತಾ ಸುತ್ತುತ್ತಾ ಒಂದು ಸ್ವರ ಉಳಿದೆಲ್ಲವನ್ನೂ ಮೀರಿ ಬೆಳೆಯುತ್ತದೆ. ಇದನ್ನೇ ಫೀಡ್‌ಬ್ಯಾಕ್ ಎನ್ನುತ್ತೇವೆ. ಯಾವ ಸ್ವರ ಗೆಲ್ಲಬೇಕೆಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಆ ಸುತ್ತಿನಲ್ಲಿ ಆಗುವ ತಡ. ಮೈಕಿಗೂ ಸ್ಪೀಕರಿಗೂ 3.4 ಮೀಟರ್ ಅಂತರವಿದ್ದರೆ ಸದ್ದು ಆ ದಾರಿಯನ್ನು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕ್ರಮಿಸುತ್ತದೆ. ಆಗ ಪರಸ್ಪರ 100 ಹರ್ಟ್ಜ್ (ಅಂದರೆ ಸೆಕೆಂಡಿಗೆ 100 ಕಂಪನ) ಅಂತರದಲ್ಲಿರುವ ಸ್ವರಗಳ ಸಾಲೊಂದು ಸ್ಪರ್ಧೆಗಿಳಿಯುತ್ತದೆ, ಆ ಸಾಲಿನಲ್ಲಿ ಕೋಣೆಯ ಗೋಡೆಗಳಿಗೂ ಮೈಕಿನ ಸ್ವಭಾವಕ್ಕೂ ಒಗ್ಗುವ ಒಂದು ಸ್ವರ ಮೇಲೆದ್ದು ನಿಲ್ಲುತ್ತದೆ. ಕೋಣೆಯ ಉಷ್ಣತೆ ಒಂದು ಡಿಗ್ರಿ ಏರಿದರೆ ಸದ್ದಿನ ವೇಗ ಸೆಕೆಂಡಿಗೆ ಸುಮಾರು 0.6 ಮೀಟರಿನಷ್ಟು ಹೆಚ್ಚುತ್ತದೆ. ನಾಲ್ಕು ಜನ ಒಳಗೆ ಬಂದು ಕುಳಿತರೆ ಅವರ ಬಟ್ಟೆಯೂ ಮೈಯೂ ಒಂದಿಷ್ಟು ಸದ್ದನ್ನು ಹೀರಿಕೊಳ್ಳುತ್ತವೆ. ಇಷ್ಟು ಸಾಕು, ಗೆದ್ದಿದ್ದ ಸ್ವರ ಸೋತು ಪಕ್ಕದ ಸ್ವರ ಮೇಲೇಳಬಹುದು. ನೀವು ಅಲ್ಲಿ ಒಂದು ಗಂಟೆ ಕುಳಿತದ್ದೇ ನೀವು ಕೇಳಿದ್ದನ್ನು ಸ್ವಲ್ಪ ಬದಲಿಸಿರುತ್ತದೆ.

ಸಭೆಯಲ್ಲಿ ಬೇಡವಾದ ಈ ಕೂಗನ್ನೇ ಬೇಕಾದ ವಸ್ತುವನ್ನಾಗಿ ಮಾಡಿಕೊಂಡವರ ಪೈಕಿ ಅಮೆರಿಕದ ಸಂಗೀತಕಾರ ಸ್ಟೀವ್ ರೈಕ್ ಒಬ್ಬರು. 1968ರ ‘ಪೆಂಡ್ಯುಲಮ್ ಮ್ಯೂಸಿಕ್’ ಎಂಬ ಕೃತಿಯಲ್ಲಿ ಅವರು ಮೇಲ್ಮುಖವಾಗಿ ಇಟ್ಟ ಸ್ಪೀಕರುಗಳ ಮೇಲೆ ಮೈಕುಗಳನ್ನು ತಂತಿಯಲ್ಲೇ ತೂಗುಹಾಕಿಸಿ, ಒಮ್ಮೆ ಹಿಂದಕ್ಕೆಳೆದು ಬಿಡಿಸಿದರು. ಪ್ರತಿ ಮೈಕೂ ತನ್ನ ಸ್ಪೀಕರಿನ ಮೇಲೆ ಹಾದುಹೋಗುವಾಗ ಕ್ಷಣಕಾಲ ಕೂಗುತ್ತದೆ. ತೂಗಾಟ ಕುಗ್ಗುತ್ತಾ ಬಂದಂತೆ ಕೂಗುಗಳು ಹತ್ತಿರವಾಗಿ, ಉದ್ದವಾಗಿ, ಕೊನೆಗೆ ಮೈಕುಗಳು ನಿಂತಾಗ ಒಂದೇ ಅಖಂಡ ನಾದವಾಗುತ್ತವೆ. ವಾದಕರು ಎದ್ದುಹೋಗಿ ತಂತಿಯನ್ನು ಕಿತ್ತರೆ ಕೃತಿ ಮುಗಿಯಿತು. ಅವರ ದೇಶದವರೇ ಆದ ಆಲ್ವಿನ್ ಲೂಸಿಯರ್ 1977ರಲ್ಲಿ ಇನ್ನೂ ಸರಳವಾದದ್ದೊಂದನ್ನು ಮಾಡಿದರು. ಉದ್ದನೆಯ ಲೋಹದ ತಂತಿಯೊಂದನ್ನು ಬಿಗಿದು, ಅದರ ಒಂದು ತುದಿಯ ಬಳಿ ಆಯಸ್ಕಾಂತವನ್ನಿಟ್ಟು, ಏರಿಳಿತವಿಲ್ಲದ ಒಂದೇ ವಿದ್ಯುತ್ ಸ್ವರವನ್ನು ತಂತಿಯೊಳಗೆ ಹರಿಸಿ, ಮತ್ತೆ ಅದನ್ನು ಮುಟ್ಟದೆ ಬಿಡುವುದು. ಗಾಳಿಯ ಸುಳಿ, ತಂತಿಯ ಬಿಸಿ, ಅದರ ಹಿಗ್ಗು ಕುಗ್ಗುಗಳಿಂದಲೇ ಅದು ತಾಸುಗಟ್ಟಲೆ ದನಿ ಬದಲಿಸುತ್ತಿತ್ತು.

ಇನ್ನು ನೀವು ಕಂಡ ನಿಯಾನ್ ದೀಪದ ವಿಷಯ. ಇಡೀ ಕೋಣೆಯಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಅದೇ. ಅದಕ್ಕೆ ಒಂದು ಪ್ಯಾರಾ ಹೆಚ್ಚಾದರೂ ಸಂಪಾದಕರು ಸಹಿಸಿಕೊಳ್ಳಲಿ. ಆ ದೀಪ ತಂತಿ ಕಾಯಿಸಿ ಉರಿಯುವ ಬಲ್ಬಿನಂತೆ ಅಲ್ಲ. ಅದರ ಎರಡು ಕಡ್ಡಿಗಳ ನಡುವಿನ ವೋಲ್ಟೇಜು ಸುಮಾರು 80 ಮುಟ್ಟುವ ತನಕ ಅದು ವಿದ್ಯುತ್ತನ್ನು ಬಿಟ್ಟುಕೊಡುವುದೇ ಇಲ್ಲ, ಮುಟ್ಟಿದೊಡನೆ ಹೊತ್ತಿಕೊಳ್ಳುತ್ತದೆ, ಹೊತ್ತಿಕೊಂಡ ಮೇಲೆ ವೋಲ್ಟೇಜು 60ರ ಆಸುಪಾಸಿಗೆ ಇಳಿದಾಗ ಆರುತ್ತದೆ. ಇದರ ಪಕ್ಕಕ್ಕೆ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಕೆಪಾಸಿಟರೊಂದನ್ನು ಜೋಡಿಸಿ, ಹರಿವನ್ನು ತಡೆಯುವ ದೊಡ್ಡ ರೆಸಿಸ್ಟರೊಂದರ ಮೂಲಕ ಮೆಲ್ಲಗೆ ವಿದ್ಯುತ್ ತುಂಬಿಸಿದರೆ, ಕೆಪಾಸಿಟರು ತುಂಬುವುದು, ದೀಪ ಹೊತ್ತಿ ಅದನ್ನು ಬರಿದು ಮಾಡುವುದು, ಆರುವುದು, ಮತ್ತೆ ತುಂಬುವುದು, ಹೀಗೆ ನಿಲ್ಲದೆ ಸಾಗುತ್ತದೆ. ಇಂಗ್ಲೆಂಡಿನ ಪಿಯರ್ಸನ್ ಮತ್ತು ಆನ್ಸನ್ ಎಂಬಿಬ್ಬರು 1920ರ ದಶಕದ ಆರಂಭದಲ್ಲೇ ಇದನ್ನು ವಿವರಿಸಿದ್ದರಿಂದ ಈ ವಿದ್ಯಮಾನಕ್ಕೆ ಅವರ ಹೆಸರೇ ನಿಂತಿದೆ. 110 ವೋಲ್ಟಿನ ನೇರ ವಿದ್ಯುತ್ತಿಗೆ ಹತ್ತು ಲಕ್ಷ ಓಮ್‌ನ ರೆಸಿಸ್ಟರು, 1 ಮೈಕ್ರೋಫ್ಯಾರಡಿನ ಕೆಪಾಸಿಟರು ಹಾಕಿದರೆ ಅರ್ಧ ಸೆಕೆಂಡಿಗೊಮ್ಮೆ ಮಿನುಗು. ಕೆಪಾಸಿಟರನ್ನು ನೂರು ಪಟ್ಟು ಚಿಕ್ಕದಾಗಿಸಿದರೆ ಸೆಕೆಂಡಿಗೆ ಇನ್ನೂರು ಸಲ ಮಿನುಗುತ್ತದೆ. ಆಗ ಕಣ್ಣಿಗೆ ದೀಪ ಸ್ಥಿರವಾಗಿ ಉರಿಯುವಂತೆ ತೋರುತ್ತದೆ, ಆಂಪ್ಲಿಫೈಯರಿಗೆ ಕೊಟ್ಟರೆ ಕಿವಿಗೆ ತಗ್ಗಿನ ಝೇಂಕಾರ ಕೇಳುತ್ತದೆ. ಇಲ್ಲಿ ಬೆಳಕನ್ನು ಸದ್ದಿಗೆ ಹೊಂದಿಸುವ ಕೆಲಸವೇ ಇಲ್ಲ. ನಿಧಾನವಾಗಿದ್ದಾಗ ಬೆಳಕಿನ ಮಿಡಿತವಾಗಿದ್ದುದೇ ವೇಗ ಹೆಚ್ಚಿದಾಗ ನಾದವಾಗುತ್ತದೆ.

ಇನ್ನೊಂದು ಸ್ವಾರಸ್ಯವೂ ಇದೆ. ಪೂರ್ತಿ ಕತ್ತಲಲ್ಲಿ ಈ ದೀಪಗಳು ಹೊತ್ತಿಕೊಳ್ಳಲು ಹಿಂಜರಿಯುತ್ತವೆ, ಹೊರಗಿನ ಬೆಳಕು ಬಿದ್ದರೆ ಸುಲಭವಾಗಿ ಹೊತ್ತಿಕೊಳ್ಳುತ್ತವೆ. ತಯಾರಕರಿಗೆ ಇದು ದೋಷವಾಗಿ ಕಂಡಿತ್ತು, ಆದ್ದರಿಂದ ಕೆಲವು ದೀಪಗಳೊಳಗೆ ಅತ್ಯಲ್ಪ ಪ್ರಮಾಣದ ವಿಕಿರಣಶೀಲ ವಸ್ತುವನ್ನು ಸೇರಿಸಿ ಅದನ್ನು ಸರಿಪಡಿಸುತ್ತಿದ್ದರು. ಕಲಾವಿದರಿಗೆ ಈ ದೋಷವೇ ವರ. ಹಾಗೆ ಸರಿಪಡಿಸದ ಎರಡು ದೀಪಗಳನ್ನು ಕತ್ತಲೆಯಲ್ಲಿ ಅಕ್ಕಪಕ್ಕ ಇಟ್ಟರೆ ಒಂದರ ಮಿಂಚು ಇನ್ನೊಂದನ್ನು ಬೇಗ ಹೊತ್ತಿಸುತ್ತದೆ. ನಡುವೆ ತಂತಿಯೇ ಇಲ್ಲದಿದ್ದರೂ ಅವು ಒಂದರ ತಾಳಕ್ಕೆ ಇನ್ನೊಂದು ಹೆಜ್ಜೆ ಹಾಕುತ್ತವೆ, ಮತ್ತೆ ತಪ್ಪುತ್ತವೆ.

ಪ್ರಶ್ನೆ: ಇದೆಲ್ಲವನ್ನೂ ಕಂಪ್ಯೂಟರಿನಲ್ಲಿ ಇನ್ನೂ ಸಲೀಸಾಗಿ ಮಾಡಬಹುದಲ್ಲ? ಬಳಕೆ ತಪ್ಪಿದ ಯಂತ್ರಗಳೇ ಏಕೆ ಬೇಕು? ಇದು ಬರೀ ಹಳೆಯದರ ಮೇಲಿನ ಮೋಹವಲ್ಲವೇ?

ಉತ್ತರ: ಅನೇಕ ಕಡೆ ಮೋಹವೇ. ಅದನ್ನು ಪರೀಕ್ಷಿಸಲು ನಾನು ಒಂದು ಒರೆಗಲ್ಲು ಇಟ್ಟುಕೊಂಡಿದ್ದೇನೆ: ಕೃತಿಯಲ್ಲಿರುವ ಹಳೆಯ ಪೆಟ್ಟಿಗೆಯನ್ನು ತೆಗೆದು ಅದೇ ಕೆಲಸ ಮಾಡುವ ಹೊಸದನ್ನು ಇಟ್ಟಾಗ ಕೇಳುವುದರಲ್ಲಿ, ಕಾಣುವುದರಲ್ಲಿ ಏನೂ ವ್ಯತ್ಯಾಸವಾಗದಿದ್ದರೆ ಆ ಪೆಟ್ಟಿಗೆ ಅಲ್ಲಿ ಶೋಕಿಗೆ ಇತ್ತು ಎಂದರ್ಥ. ಈ ಪರೀಕ್ಷೆಯಲ್ಲಿ ಉಳಿಯುವ ಕೃತಿಗಳೂ ಇವೆ, ಅವುಗಳ ಪರವಾಗಿ ಮಾತ್ರ ಮಾತನಾಡುತ್ತೇನೆ.

ಸ್ಪೂಲ್ ಟೇಪ್ ರೆಕಾರ್ಡರನ್ನೇ ತೆಗೆದುಕೊಳ್ಳಿ. ಎರಡು ರೆಕಾರ್ಡರುಗಳನ್ನು 190 ಸೆಂಟಿಮೀಟರ್ ಅಂತರದಲ್ಲಿಟ್ಟು, ಒಂದೇ ಟೇಪನ್ನು ಮೊದಲನೆಯದರಿಂದ ಎರಡನೆಯದಕ್ಕೆ ಹಾಯಿಸಿ, ಮೊದಲನೆಯದು ಮುದ್ರಿಸುವಂತೆ, ಎರಡನೆಯದು ನುಡಿಸುವಂತೆ ಮಾಡಿ. ಟೇಪು ಸೆಕೆಂಡಿಗೆ 9.5 ಸೆಂಟಿಮೀಟರ್ ವೇಗದಲ್ಲಿ ಚಲಿಸಿದರೆ, ಈಗ ಆದ ಸದ್ದು ಇಪ್ಪತ್ತು ಸೆಕೆಂಡು ಕಳೆದು ಕೇಳಿಸುತ್ತದೆ. ಕೇಳಿಸಿದ್ದನ್ನು ತಂತಿಯ ಮೂಲಕ ಮತ್ತೆ ಮೊದಲನೆಯ ಯಂತ್ರಕ್ಕೇ ಕಳುಹಿಸಿದರೆ ಸುತ್ತು ಕೂಡಿಕೊಂಡಿತು. ಒಂದು ಕೆಮ್ಮು ಇಪ್ಪತ್ತು ಸೆಕೆಂಡಿಗೊಮ್ಮೆ ಮರಳಿ ಬರುತ್ತದೆ, ಆದರೆ ಪ್ರತಿ ಸಲವೂ ಅದರ ಮೊನಚು ಸವೆದಿರುತ್ತದೆ; ಟೇಪಿನ ಸುಯ್ಯೆನ್ನುವ ಸದ್ದು ಸ್ವಲ್ಪ ಸ್ವಲ್ಪವೇ ಕೂಡಿಕೊಳ್ಳುತ್ತದೆ; ಮೋಟಾರಿನ ವೇಗ ಒಂದೇ ಸಮನಾಗಿರದ ಕಾರಣ ಶ್ರುತಿ ಕೂದಲೆಳೆಯಷ್ಟು ಅಲುಗುತ್ತದೆ. ಹತ್ತು ನಿಮಿಷದ ಹೊತ್ತಿಗೆ ಅದು ಕೆಮ್ಮಾಗಿ ಉಳಿದಿರುವುದಿಲ್ಲ, ದೂರದ ನೀರಿನ ಸದ್ದಿನಂತೆ ಆಗಿರುತ್ತದೆ. ಯಂತ್ರ ಅದನ್ನು ನೆನಪಿಟ್ಟುಕೊಂಡಿದೆ, ಜೊತೆಗೇ ಮರೆಯುತ್ತಲೂ ಇದೆ. ಕಂಪ್ಯೂಟರಿನ ತಡದಲ್ಲಿ ನೂರನೆಯ ಪ್ರತಿ ಮೊದಲನೆಯದರಂತೆಯೇ ಇರುತ್ತದೆ. ಅದು ಸವೆಯಬೇಕಾದರೆ ಸವೆತವನ್ನೂ ಯಾರಾದರೂ ಕುಳಿತು ಬರೆಯಬೇಕು. ಬರೆಯಲು ಸಾಧ್ಯವಿಲ್ಲವೆಂದಲ್ಲ, ಚೆನ್ನಾಗಿಯೇ ಬರೆಯುವವರಿದ್ದಾರೆ. ಆದರೆ ಬರೆದವನಿಗೆ ಹೊಳೆದಷ್ಟು ದೋಷಗಳು ಮಾತ್ರ ಅದರಲ್ಲಿರುತ್ತವೆ. ಹಳೆಯ ಯಂತ್ರದಲ್ಲಿ ಯಾರಿಗೂ ಹೊಳೆಯದ ದೋಷಗಳು ಕೇಳದೆಯೇ ಒದಗುತ್ತವೆ: ಟಿವಿಯ ಬೆಳಕು ಹೆಚ್ಚಿದಾಗ ಅದೇ ವಿದ್ಯುತ್ತನ್ನು ಹಂಚಿಕೊಂಡ ಟೇಪಿನ ಮೋಟಾರು ಒಂದಿಷ್ಟು ನಿಧಾನವಾಗುವುದು, ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆ ಪಕ್ಕದ ತಂತಿಗೆ ಸೋರುವುದು.

ಟಿವಿಯ ವಿಷಯದಲ್ಲಿ ಈ ಸೋರಿಕೆ ಇನ್ನೂ ಬಹಿರಂಗ. ಪಿಕ್ಚರ್ ಟ್ಯೂಬಿನ ಟಿವಿಯಲ್ಲಿ ಚಿತ್ರ ಬರೆಯುವುದು ಒಂದು ಎಲೆಕ್ಟ್ರಾನ್ ಕಿರಣ. ಕತ್ತಿನ ಬಳಿಯ ಸುರುಳಿಗಳು ಅದನ್ನು ಆಯಸ್ಕಾಂತೀಯ ಬಲದಿಂದ ಅತ್ತಿತ್ತ ಬಾಗಿಸುತ್ತವೆ. ಪಾಲ್ ಎಂಬ ಟಿವಿ ಪ್ರಸಾರ ಪದ್ಧತಿಯಲ್ಲಿ ಕಿರಣ ಎಳೆಯುವುದು ಸೆಕೆಂಡಿಗೆ 15,625 ಗೆರೆಗಳು. ಹಳೆಯ ಟಿವಿ ಹಾಕಿದಾಗ ಮಕ್ಕಳಿಗೆ ಕೇಳಿಸಿ ಹಿರಿಯರಿಗೆ ಕೇಳಿಸದ ಸಣ್ಣ ಕೀರಲು ಸದ್ದು ಇದರದ್ದೇ. ಆ ಸುರುಳಿಗಳಿಗೆ ಧ್ವನಿಯ ವಿದ್ಯುತ್ತನ್ನು ಕೊಟ್ಟರೆ ಕಿರಣ ಧ್ವನಿಯನ್ನೇ ಬರೆಯುತ್ತದೆ. ಕೊರಿಯ ಮೂಲದ ಕಲಾವಿದ ನಾಮ್ ಜುನ್ ಪೈಕ್ 1963ರಲ್ಲಿ ಜರ್ಮನಿಯ ವುಪ್ಪರ್ಟಾಲ್‌ನ ಗ್ಯಾಲರಿಯೊಂದರಲ್ಲಿ ಒಳಗನ್ನು ಬದಲಿಸಿದ ಟಿವಿಗಳನ್ನು ಪ್ರದರ್ಶಿಸಿದರು. 1965ರಲ್ಲಿ ಟಿವಿಯ ತಲೆಯ ಮೇಲೆ ದೊಡ್ಡ ಆಯಸ್ಕಾಂತವನ್ನೇ ಕೂರಿಸಿ ಚಿತ್ರವನ್ನು ಬಾಗಿಸಿದರು. ಆಗ ಟಿವಿ ಹಳೆಯ ಸಾಧನವಾಗಿರಲಿಲ್ಲ, ಮನೆಮನೆಯ ಹೊಸ ಹುಚ್ಚಾಗಿತ್ತು. ಆದ್ದರಿಂದ ‘ಬಳಕೆ ತಪ್ಪಿದ’ ಎಂಬುದು ಇಂಥ ಕಲೆಯ ಗುಣವಲ್ಲವೆಂದೇ ನನ್ನ ಅನಿಸಿಕೆ. ಕೈಯಿಟ್ಟು ತಿರುಗಿಸಲು, ತಪ್ಪು ಜೋಡಿಸಲು ಎಡೆಗೊಡುವ ಯಂತ್ರ ಬೇಕು. ಇಂದು ಅಂಥವು ಹೆಚ್ಚಾಗಿ ಹಳೆಯವೇ ಆಗಿವೆ.

ಪ್ರಶ್ನೆ: ಬೇರೆ ಬೇರೆ ಉದ್ದದ ಟೇಪ್ ಲೂಪುಗಳನ್ನು (ಎರಡು ತುದಿ ಅಂಟಿಸಿ ಬಳೆಯಂತೆ ಸುತ್ತುವ ಟೇಪುಗಳನ್ನು) ಒಟ್ಟಿಗೆ ಓಡಿಸಿದರೂ ಸಂಗೀತ ಎಂದೂ ಮರುಕಳಿಸುವುದಿಲ್ಲ ಎಂದು ಓದಿದ್ದೇನೆ. ಇದೂ ಅದೇ ಬಗೆಯದ್ದೇ?

ಉತ್ತರ: ಅಲ್ಲ, ಮತ್ತು ‘ಎಂದೂ’ ಎಂಬುದು ಉತ್ಪ್ರೇಕ್ಷೆ. 17, 19 ಮತ್ತು 23 ಸೆಕೆಂಡಿನ ಮೂರು ಲೂಪುಗಳು ಒಟ್ಟಿಗೆ ಹೊರಟರೆ ಮತ್ತೆ ಒಟ್ಟಿಗೆ ಸೇರುವುದು 7,429 ಸೆಕೆಂಡುಗಳ ಬಳಿಕ, ಅಂದರೆ ಎರಡು ಗಂಟೆ ನಾಲ್ಕು ನಿಮಿಷದ ಹತ್ತಿರ. 29 ಸೆಕೆಂಡಿನ ನಾಲ್ಕನೆಯದನ್ನು ಸೇರಿಸಿದರೆ ಅದು ಸುಮಾರು ಎರಡೂವರೆ ದಿನಕ್ಕೆ ಏರುತ್ತದೆ. ಇಂಗ್ಲೆಂಡಿನ ಸಂಗೀತಕಾರ ಬ್ರಯನ್ ಈನೊ 1970ರ ದಶಕದಲ್ಲೇ ಈ ಉಪಾಯವನ್ನು ಬಳಸಿದ್ದರು. ‘ಜನರೇಟಿವ್ ಸಂಗೀತ’ (ತಾನಾಗಿ ಹುಟ್ಟುತ್ತಾ ಹೋಗುವ ಸಂಗೀತ) ಎಂಬ ಹೆಸರು 1990ರ ದಶಕದಲ್ಲಿ ಪ್ರಚಾರಕ್ಕೆ ಬಂದದ್ದೂ ಅವರಿಂದಲೇ. ಕೇಳಲು ಸೊಗಸಾಗಿರುತ್ತದೆ. ಆದರೆ ಅಲ್ಲಿ ಒಂದು ಲೂಪು ಇನ್ನೊಂದನ್ನು ಕೇಳಿಸಿಕೊಳ್ಳುವುದಿಲ್ಲ, ಕೋಣೆಯನ್ನೂ ಕೇಳಿಸಿಕೊಳ್ಳುವುದಿಲ್ಲ. ನೀವು ಒಳಗೆ ಬಂದರೂ ಬರದಿದ್ದರೂ ಅದಕ್ಕೆ ಒಂದೇ.

ಪ್ರಶ್ನೆ: ಎಲ್ಲವೂ ತಾನಾಗಿಯೇ ಆಗುವುದಾದರೆ ಕಲಾವಿದರ ಪಾಲು ಏನು?

ಉತ್ತರ: ಮಿತಿಗಳನ್ನು ಹಾಕುವುದು ಅವರ ಪಾಲು. ಫೀಡ್‌ಬ್ಯಾಕಿನ ಸುತ್ತೊಂದನ್ನು ಸುಮ್ಮನೆ ಬಿಟ್ಟರೆ ಅದು ಎರಡರಲ್ಲಿ ಒಂದನ್ನು ಮಾಡುತ್ತದೆ: ಸದ್ದಡಗಿ ಸಾಯುತ್ತದೆ, ಇಲ್ಲವೇ ಒಂದೇ ಸ್ವರಕ್ಕೆ ಅಂಟಿಕೊಂಡು ಚೀರುತ್ತದೆ. ಇವೆರಡರ ನಡುವಿನ ಕಿರಿದಾದ ಜಾಗದಲ್ಲಿ ಅದನ್ನು ತಿಂಗಳುಗಟ್ಟಲೆ ನಿಲ್ಲಿಸುವುದು ಸುಲಭದ ಮಾತಲ್ಲ. ಸೈಬರ್ನೆಟಿಕ್ಸ್ ಎಂಬ, ಯಂತ್ರ ಮತ್ತು ಜೀವಿಗಳಲ್ಲಿನ ನಿಯಂತ್ರಣವನ್ನು ಅಭ್ಯಸಿಸುವ ಶಾಸ್ತ್ರದ ಬ್ರಿಟಿಷ್ ಪಂಡಿತ ಗಾರ್ಡನ್ ಪಾಸ್ಕ್ 1953ರಲ್ಲಿ ರೂಪಿಸಿದ ‘ಮ್ಯೂಸಿಕಲರ್’ ಎಂಬ ಯಂತ್ರ ವಾದಕರ ಸಂಗೀತಕ್ಕೆ ದೀಪಗಳಿಂದ ಉತ್ತರ ಕೊಡುತ್ತಿತ್ತು. ವಾದಕರು ನುಡಿಸಿದ್ದನ್ನೇ ನುಡಿಸುತ್ತಿದ್ದರೆ ಅದಕ್ಕೆ ‘ಬೇಸರ’ ಬಂದು ಉತ್ತರಿಸುವುದನ್ನು ಕಡಿಮೆ ಮಾಡುತ್ತಿತ್ತು. ಅವರು ಹೊಸದನ್ನು ಹುಡುಕಲೇಬೇಕಾಗುತ್ತಿತ್ತು. 1968ರಲ್ಲಿ ಲಂಡನ್ನಿನ ಸಮಕಾಲೀನ ಕಲೆಗಳ ಸಂಸ್ಥೆಯ ಪ್ರದರ್ಶನದಲ್ಲಿ ಅವರು ತೂಗುಹಾಕಿದ್ದ ಆಕೃತಿಗಳಂತೂ ಬೆಳಕಿನ ಕಿರಣ, ಕನ್ನಡಿ ಮತ್ತು ಸದ್ದಿನ ಮೂಲಕ ತಮ್ಮತಮ್ಮಲ್ಲೇ ಮಾತನಾಡಿಕೊಳ್ಳುತ್ತಿದ್ದವು. ನೋಡಲು ಬಂದವರು ಟಾರ್ಚು ಹಿಡಿದು ನಡುವೆ ಬಾಯಿ ಹಾಕಬಹುದಿತ್ತು. ಬೇಸರವಾಗುವ ಯಂತ್ರ ಎಂಬ ಆ ಕಲ್ಪನೆಗೆ ಸರಿಸಾಟಿಯಾದದ್ದನ್ನು ನಾನು ಆಮೇಲೆ ಹೆಚ್ಚು ಕಂಡಿಲ್ಲ.

ಪ್ರಶ್ನೆ: ನನ್ನ ಬಳಿ ಹಳೆಯ ಟಿವಿ ಮತ್ತು ಕ್ಯಾಸೆಟ್ ಪ್ಲೇಯರ್ ಇವೆ. ಮನೆಯಲ್ಲೇ ಸಣ್ಣದೊಂದನ್ನು ಕಟ್ಟಬಹುದೇ?

ಉತ್ತರ: ಕಟ್ಟಬಹುದು. ಆದರೆ ಟಿವಿಯ ಹಿಂಬದಿಯನ್ನು ಮಾತ್ರ ಬಿಚ್ಚಬೇಡಿ. ಬಣ್ಣದ ಟಿವಿಯ ಪಿಕ್ಚರ್ ಟ್ಯೂಬಿನಲ್ಲಿ 25,000 ವೋಲ್ಟಿನ ಆಸುಪಾಸು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಒಳಗೆ ಉಳಿದಿರಬಹುದು. ನಿಯಾನ್ ದೀಪದ ಆಟವನ್ನೂ ಮನೆಯ ಮುಖ್ಯ ವಿದ್ಯುತ್ತಿಗೆ ನೇರವಾಗಿ ಜೋಡಿಸಿ ಆಡಬೇಡಿ. ಬಿಚ್ಚದೆಯೇ ಮಾಡಬಹುದಾದದ್ದು ಬೇಕಾದಷ್ಟಿದೆ: ವಿಡಿಯೊ ಕ್ಯಾಮೆರಾವನ್ನು ಟಿವಿಗೆ ಜೋಡಿಸಿ, ಅದೇ ಟಿವಿಯ ಪರದೆಯತ್ತ ತಿರುಗಿಸಿ, ಕೋಣೆಯ ದೀಪ ಆರಿಸಿ. ಕ್ಯಾಮೆರಾವನ್ನು ಕೆಲವೇ ಡಿಗ್ರಿ ಓರೆ ಮಾಡಿದರೆ ಪರದೆಯಲ್ಲಿ ಸುಳಿಗಳು ಹುಟ್ಟಿಕೊಳ್ಳುತ್ತವೆ. ಕಡ್ಡಿ ಗೀರಿ ಒಂದು ಕ್ಷಣ ನಡುವೆ ಹಿಡಿದರೆ ಆ ಬೆಳಕು ಬಹಳ ಹೊತ್ತು ಅಲ್ಲೇ ಸುತ್ತುತ್ತಿರಬಹುದು.

ಸದ್ದು ಮತ್ತು ಬೆಳಕು ಎರಡೂ ಬೇಕೆಂದರೆ 9 ವೋಲ್ಟಿನ ಬ್ಯಾಟರಿ ಸಾಕು. ನಾನು ಮೊದಲು ಕಟ್ಟಿದ್ದು ಹೀಗೆ: ಬೆಳಕು ಬಿದ್ದಷ್ಟೂ ವಿದ್ಯುತ್ತಿಗೆ ದಾರಿ ಬಿಡುವ ಎಲ್‌ಡಿಆರ್ ಒಂದನ್ನು ಟಾರ್ಚಿನ ಹಳೆಯ ಬಲ್ಬಿನ ಎದುರಿಗಿಟ್ಟು, ಬೆಳಕು ಹೆಚ್ಚಾದರೆ ಬಲ್ಬು ಮಂಕಾಗುವಂತೆ, ಕಡಿಮೆಯಾದರೆ ಪ್ರಕಾಶಿಸುವಂತೆ ಒಂದೆರಡು ಟ್ರಾನ್ಸಿಸ್ಟರುಗಳ ಮೂಲಕ ಜೋಡಿಸಿದೆ. ಅದು ಮಿನುಗುತ್ತದೆಂದು ಕಾದು ಕುಳಿತರೆ, ಬಲ್ಬು ಮಂಕಾದ ಕೆಂಪು ಬಣ್ಣಕ್ಕೆ ಬಂದು ಅಲ್ಲಿಯೇ ಸುಖವಾಗಿ ನಿಂತುಬಿಟ್ಟಿತು. ತಪ್ಪು ಎಲ್ಲಿದೆಯೆಂದು ತಿಳಿಯಲು ಎರಡು ಸಂಜೆ ಬೇಕಾಯಿತು. ಬಲ್ಬಿನ ತಂತಿ ಕಾಯಲು, ಆರಲು ಒಂದಿಷ್ಟು ತಡ. ಎಲ್‌ಡಿಆರ್‌ಗೆ ಬೆಳಕು ಹೋದದ್ದು ಅರಿವಾಗಲು ಇನ್ನೊಂದಿಷ್ಟು ತಡ. ಸುತ್ತು ತೂಗಾಡಲು ಈ ಎರಡು ತಡಗಳು ಸಾಲವು. ನಡುವೆ ದೊಡ್ಡ ಕೆಪಾಸಿಟರೊಂದನ್ನು ಸೇರಿಸಿ ಮೂರನೆಯ ತಡವನ್ನು ತಂದಾಗ ಬಲ್ಬು ಉಸಿರಾಡುವಂತೆ ಏರಿಳಿಯತೊಡಗಿತು. ಆಮೇಲೆ ಅದೇ ಬೆಳಕಿಗೆ ಇನ್ನೊಂದು ಎಲ್‌ಡಿಆರನ್ನು ಒಡ್ಡಿ, ಅದರಿಂದ 555 ಎಂಬ ಟೈಮರ್ ಐಸಿ (ಪುಟ್ಟ ಚಿಪ್) ಹೊರಡಿಸುವ ಸದ್ದಿನ ಶ್ರುತಿಯನ್ನು ನಡೆಸಿದೆ. 1970ರ ದಶಕದ ಆರಂಭದ ಆ ಐಸಿ ಈಗಲೂ ಸಿಗುತ್ತದೆ. ಇಂಥ ಮೂರನ್ನು ಒಂದರ ಬೆಳಕು ಇನ್ನೊಂದರ ಮೇಲೆ ಬೀಳುವಂತೆ ಇಟ್ಟ ಮೇಲೆ ಅದರ ಮುಂದೇನು ಎಂದು ನನಗೂ ಹೇಳಲಾಗಲಿಲ್ಲ. ಕ್ಯಾಸೆಟ್ ಪ್ಲೇಯರ್ ಮುದ್ರಿಸುವಂಥದ್ದಾದರೆ ಅದನ್ನು ಪಕ್ಕದಲ್ಲಿಟ್ಟು ಕೇಳಿಸಿಕೊಳ್ಳಲು ಬಿಡಿ. ಅದು ಮುದ್ರಿಸಿಕೊಂಡದ್ದನ್ನು ಮಾರನೆಯ ದಿನ ಕೋಣೆಗೇ ಮರಳಿಸಬಹುದು.

ಪ್ರಶ್ನೆ: ಇಂಥ ಮಿನುಗು ಬೆಳಕಿನಿಂದ ತೊಂದರೆಯಿದೆಯೇ?

ಉತ್ತರ: ಕೆಲವರಿಗೆ ಇದೆ. ಸೆಕೆಂಡಿಗೆ 3ರಿಂದ 30 ಸಲ ಮಿನುಗುವ ಬೆಳಕು ಬೆಳಕಿಗೆ ಸ್ಪಂದಿಸುವ ಬಗೆಯ ಅಪಸ್ಮಾರ ಇರುವವರಲ್ಲಿ ಸೆಳವನ್ನು ಉಂಟುಮಾಡಬಹುದು. ಬಾಗಿಲಲ್ಲೇ ಸೂಚನೆ ಹಾಕಬೇಕು. ಮಿಡಿತವನ್ನು ಸೆಕೆಂಡಿಗೆ ಮೂರಕ್ಕಿಂತ ಕೆಳಗಿಡುವುದು ಇನ್ನೂ ಒಳ್ಳೆಯದು.

ಪ್ರಶ್ನೆ: ಬಿಡಿಭಾಗಗಳೇ ಸಿಗದಂತಾದಾಗ ಈ ಕೃತಿಗಳ ಗತಿ ಏನು?

ಉತ್ತರ: ಆ ದಿನ ಆಗಲೇ ಬಂದಿದೆ. ಕೊಡಾಕ್ 2004ರಲ್ಲಿ ಸ್ಲೈಡ್ ಪ್ರೊಜೆಕ್ಟರುಗಳ ತಯಾರಿಕೆಯನ್ನು ನಿಲ್ಲಿಸಿತು, ಜಪಾನಿನ ಫುನಾಯ್ 2016ರಲ್ಲಿ ವಿಸಿಆರ್ ತಯಾರಿಕೆಯನ್ನು ಕೈಬಿಟ್ಟಿತು. ಎಲ್‌ಡಿಆರ್‌ನಲ್ಲಿರುವ ಕ್ಯಾಡ್ಮಿಯಮ್ ಎಂಬ ಲೋಹದ ಬಳಕೆಯ ಮೇಲೆ ಯುರೋಪಿನ ಒಕ್ಕೂಟ 2006ರಿಂದ ನಿರ್ಬಂಧ ಹೇರಿದೆ. ಬಿಡಿಭಾಗಗಳ ಈ ಅಭಾವದ ಬಿಸಿ ಹೆಚ್ಚು ತಟ್ಟಿದ್ದು ಪೈಕ್ ಅವರ ಕೃತಿಗಳಿಗೆ. ದಕ್ಷಿಣ ಕೊರಿಯದ ಗ್ವಾಚೆಯಾನ್‌ನಲ್ಲಿರುವ ರಾಷ್ಟ್ರೀಯ ಆಧುನಿಕ ಮತ್ತು ಸಮಕಾಲೀನ ಕಲಾ ಸಂಗ್ರಹಾಲಯದಲ್ಲಿ 1988ರಲ್ಲಿ ಅವರು 1,003 ಟಿವಿಗಳ ಗೋಪುರ ಕಟ್ಟಿದ್ದರು. ಟಿವಿಗಳು ಒಂದೊಂದಾಗಿ ಕೆಟ್ಟು, 2018ರಲ್ಲಿ ಅದನ್ನು ಆರಿಸಬೇಕಾಯಿತು. ಹಳೆಯ ಟ್ಯೂಬುಗಳನ್ನು ಹುಡುಕಿ, ದುರಸ್ತಿ ಮಾಡಿ, ಮೇಲ್ಭಾಗದ ಚಿಕ್ಕ ಟಿವಿಗಳಲ್ಲಿ ಹಲವಕ್ಕೆ ಎಲ್‌ಸಿಡಿ ಪರದೆ ಹಾಕಿ 2022ರಲ್ಲಿ ಮತ್ತೆ ಬೆಳಗಿಸಿದರು.

ಆ ಗೋಪುರದ ಟಿವಿಗಳು ಹೊರಗಿನಿಂದ ಬಂದ ಚಿತ್ರವನ್ನು ತೋರಿಸುತ್ತವೆ, ಆದ್ದರಿಂದ ಪರದೆ ಬದಲಾದರೂ ಕೃತಿ ಉಳಿಯಿತೆಂದು ವಾದಿಸಬಹುದು. ಆಯಸ್ಕಾಂತ ಕೂರಿಸಿದ ಟಿವಿಯ ವಿಷಯದಲ್ಲಿ ಆ ವಾದ ನಡೆಯುವುದಿಲ್ಲ: ಎಲ್‌ಸಿಡಿಯೊಳಗೆ ಬಾಗಲು ಕಿರಣವೇ ಇಲ್ಲ. ತನ್ನಷ್ಟಕ್ಕೆ ತಾನೇ ನಡೆಯುವ ಕೃತಿಗಳಲ್ಲಿ ಯಾವ ಭಾಗವನ್ನು ಬದಲಿಸಿದರೂ ಸುತ್ತಿನ ತಡ ಬದಲಾಗುತ್ತದೆ, ತಡ ಬದಲಾದರೆ ಹಾಡೂ ಬದಲಾಗುತ್ತದೆ. ಹೀಗಾಗಿ ಇಂಥದ್ದನ್ನು ಕಟ್ಟುತ್ತಿರುವವರು ಕೇಳಿದರೆ ನಾನು ಹೇಳುವುದಿಷ್ಟು: ಯಂತ್ರದ ಹೆಸರು, ಮಾದರಿಯ ಸಂಖ್ಯೆ ಬರೆದಿಟ್ಟರೆ ಸಾಲದು, ಬಲ್ಬು ಆರಲು ಎಷ್ಟು ಹೊತ್ತು ಹಿಡಿಯುತ್ತದೆ, ಟೇಪು ಒಂದು ಸುತ್ತು ಬರಲು ಎಷ್ಟು ಸೆಕೆಂಡು ಬೇಕು, ಮೈಕು ಸ್ಪೀಕರಿನಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಅಳೆದು, ಅದೇ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿಡಿ.